ಹೊಸ್ತಿಲಲ್ಲಿ ಕೊಟ್ಟ ಬೆಲ್ಲ

ಅಕ್ಷತಾ, ಸಂಗಮೇಶ,

ಎದುರು ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಎರಡು ಮಾತು ಆಡಿರಿ ಎಂದಾಗ ನಾನು ಕೈಮುಗಿದು ಹಾಗೇ ಕೂತುಬಿಟ್ಟದ್ದನ್ನು ನೆನೆದು ಸಂಗಮೇಶ ಇವತ್ತಿಗೂ ನಗುತ್ತಾನೆ. ನಗಲಿ. ಕಮಲಾಪುರದ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಷತಾ, ನೀನು ಲ್ಯಾಬ್ ಕೋರ್ಸಿಗೆ ಸೇರಿ ಎರಡು ತಿಂಗಳಾಯಿತು. ಈ ಎರಡು ತಿಂಗಳು ಊಟಕ್ಕೆ ಕೂತಾಗಲೆಲ್ಲ ನಿನ್ನ ಬಾಯಲ್ಲಿ ಒಂದೇ ಹೆಸರು. ಶಾಹೀನ್ ಮೇಡಂ ಹೀಗೆ ಕಲಿಸಿದರು, ಶಾಹೀನ್ ಮೇಡಂ ಹಾಗೆ ಅಂದರು. ಮೊನ್ನೆ ನೀನೇ ಕೇಳಿದೆ: "ಆಯಿ, ನೀ ಅವರ ಜೋಡಿ ಕೆಲಸ ಮಾಡಿದ್ಯಂತ, ಅವರೇ ಅಂದ್ರು. ಆವಾಗ ಹ್ಯಾಂಗಿದ್ರು ಅವರು?" ನಾನು "ಚೊಲೊ ಇದ್ದಳು" ಎಂದು ಎದ್ದು ತಾಟು ತೊಳೆಯಲು ಹೋದೆ. ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು.

ಆಕೆ ಚೆನ್ನಾಗಿಯೇ ಇದ್ದಳು. ನನ್ನ ಹೊಟ್ಟೆಕಿಚ್ಚಿಗೆ ಕಾರಣವೂ ಅದೇ. ಆ ಕಿಚ್ಚು ಇನ್ನೂ ಪೂರ್ತಿ ಆರಿಲ್ಲ ಎಂಬುದು ನೀನು ಆಕೆಯ ಹೆಸರು ಹೇಳಿದಾಗಲೆಲ್ಲ ನನಗೆ ಗೊತ್ತಾಗುತ್ತದೆ. ಅದರಿಂದಾಗಿ ಒಬ್ಬ ಬಸುರಿಯ ಜೀವ ತೂಗಾಡಿತು. ಈ ಕೆಲಸಕ್ಕೆ ಇಳಿದಿರುವ ನೀನು ಅದನ್ನು ತಿಳಿದಿರಬೇಕು.

ನಿಮ್ಮ ಮುತ್ಯಾ, ನನ್ನ ಗಂಡ, ಶಹರದ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದರು. ಅವರು ತೀರಿಹೋದ ಮೇಲೆ ಅನುಕಂಪದ ಆಧಾರದಲ್ಲಿ ಆ ನೌಕರಿ ನನಗೆ ಬಂತು. ಕಮಲಾಪುರ ಬಿಟ್ಟು ಬ್ರಹ್ಮಪುರದಲ್ಲಿ ಒಂದು ಕೋಣೆ ಮಾಡಿಕೊಂಡು, ನಿಮ್ಮಪ್ಪನನ್ನು ಶಾಲೆಗೆ ಹಾಕಿ ಕೆಲಸಕ್ಕೆ ಸೇರಿದೆ. ಮೊದಲ ಕೆಲಸ ರಕ್ತದ ನಳಿಕೆ ತೊಳೆಯುವುದು. ಆಗ ಸಿರಿಂಜು ಗಾಜಿನದು, ಕುದಿಸಿ ಕುದಿಸಿ ಬಳಸುತ್ತಿದ್ದೆವು. ಹೆಸರನ್ನು ಅಂಟುಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದೆವು. ಬೆವರಿನ ಕೈ ತಾಗಿದರೆ ಶಾಂತಾಬಾಯಿ ಅಳಿಸಿ ಕಾಂತಾಬಾಯಿ ಆಗುತ್ತಿದ್ದಳು. ನೀವು ಈಗ ಗೆರೆಗೆರೆಯ ಸ್ಟಿಕ್ಕರ್ ಅಂಟಿಸಿ ಯಂತ್ರಕ್ಕೆ ತೋರಿಸುತ್ತೀರಿ.

ಹಳೆಯ ಟೆಕ್ನಿಷಿಯನ್ ಗುರುಪಾದಪ್ಪನವರು ನನಗೆ ಸೂಜಿ ಹಿಡಿಯುವುದನ್ನು ಕಲಿಸಿದರು. ಒಂದು ದಿನ ನಾಲ್ಕು ನಳಿಕೆಗಳನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಓಡಿದೆ. ರಕ್ತ ಕುಲುಕಿ, ಕಣ ಒಡೆದು, ಮೇಲೆ ಹಳದಿಯಾಗಿ ನಿಲ್ಲಬೇಕಾದ ತಿಳಿಯೆಲ್ಲ ಕೆಂಪಾಯಿತು. ಅವರು ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ, "ಏನವ್ವ, ಮಜ್ಜಿಗಿ ಕಡಿದ್ಯೇನು?" ಎಂದರು. ಬೈಯಲಿಲ್ಲ. ನಾಲ್ಕು ಜನರ ರಕ್ತ ಮತ್ತೆ ತೆಗೆಸಿದರು, ನನ್ನ ಕೈಯಿಂದಲೇ.

ಇನ್ನೊಂದು ಮಾತು ಹೇಳಿದ್ದರು. "‘ನೀವು ಶಾಂತಾಬಾಯಿ ಏನ್ರಿ’ ಅಂತ ಕೇಳಬ್ಯಾಡ. ಕಿವಿ ಕೇಳದಾಕಿನೂ ಹೂಂ ಅಂತಾಳ, ಅಂಜಿದಾಕಿನೂ ಹೂಂ ಅಂತಾಳ. ‘ನಿಮ್ಮ ಹೆಸರೇನ್ರಿ’ ಅಂತ ಕೇಳು. ಆಕಿ ಬಾಯಿಲೇ ಬರಬೇಕು."

ಹೆಸರಿನ ವಿಷಯದಲ್ಲಿ ಈ ಮಾತನ್ನು ಎಂದೂ ಮೀರಲಿಲ್ಲ. ಬೇರೆ ವಿಷಯಕ್ಕೂ ಅದೇ ನಿಯಮ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಹೀಗೇ ವರ್ಷಗಳು ಹೋದವು. ನಾನು ಲ್ಯಾಬ್ ಸಹಾಯಕಿಯಾದೆ. ಆಮೇಲೆ ಸುಮಂಗಲಾ ಮೇಡಂ ಬಂದರು. ಹೆರಿಗೆ ವಿಭಾಗದ ಡಾಕ್ಟರು, ಬಸುರಿಯರ ರಕ್ತದ ಬಗ್ಗೆ ಒಂದು ಸಂಶೋಧನೆ ಶುರುಮಾಡಿದರು. ಮೊದಲ ದಿನವೇ ನನ್ನನ್ನು ಕರೆದು ಕೇಳಿದರು.

"ನಾಗಮ್ಮ, ಕೊಬ್ಬು ಅಂದ್ರ ಏನಂತ ತಿಳಕೊಂಡಿ?"

"ಮೈಯಾಗ ಸುಮ್ಮ ಕೂತಿರ್ತದಲ್ರಿ ಮೇಡಂ."

"ಸುಮ್ಮ ಕೂಡೂದಿಲ್ಲ ಅದು. ನಮ್ಮ ಕಚೇರಿ ಮಂದಿಕಿಂತ ಹೆಚ್ಚು ಕೆಲಸ ಮಾಡ್ತದ."

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ತಪ್ಪಿದ್ದರೆ ಅಕ್ಷತಾ ತಿದ್ದಿಕೊಳ್ಳಲಿ. ಮೈಯ ಕೊಬ್ಬು ರಕ್ತಕ್ಕೆ ಹಾರ್ಮೋನುಗಳನ್ನು ಬಿಡುತ್ತಿರುತ್ತದೆ. ಒಂದರ ಹೆಸರು ಲೆಪ್ಟಿನ್. ಕೊಬ್ಬು ಹೆಚ್ಚಿದಂತೆ ಅದೂ ಹೆಚ್ಚುತ್ತದೆ, ಬಸುರಿನಲ್ಲಿ ಮಾಸು ಕೂಡ ಅದನ್ನು ಮಾಡಿ ರಕ್ತಕ್ಕೆ ಬಿಡುತ್ತದೆ. ಇನ್ನೊಂದು ಅಡಿಪೊನೆಕ್ಟಿನ್. ಇದು ತಿರುಗಾಮುರುಗಾ, ಕೊಬ್ಬು ಹೆಚ್ಚಿದರೆ ಇದು ಇಳಿಯುತ್ತದೆ. ಇನ್ಸುಲಿನ್ ತನ್ನ ಕೆಲಸ ಮಾಡಲು ಇದು ನೆರವಾಗುತ್ತದೆ. ಬಸುರಿಯಲ್ಲಿ ಇದು ತೀರ ಕಡಿಮೆಯಾದರೆ ಸಕ್ಕರೆ ಏರಬಹುದು, ಕೂಸು ಅತಿಯಾಗಿ ಬೆಳೆಯಬಹುದು, ತಾಯಿಗೆ ರಕ್ತದೊತ್ತಡವೂ ಬರಬಹುದು. ಮೈದುಂಬಿದವರಲ್ಲಿ ಇದು ಸರಿ. ಆದರೆ ನಮ್ಮ ಹಳ್ಳಿಗಳ ಸಣಕಲು ಕೈಕಾಲಿನ ಹೆಂಗಸರಿಗೂ ಬಸುರಿನಲ್ಲಿ ಸಕ್ಕರೆ ಬರುತ್ತದಲ್ಲ, ಅವರ ಕೊಬ್ಬು ಏನು ಹೇಳುತ್ತದೆ? ಮೇಡಂ ಅವರ ಪ್ರಶ್ನೆ ಅದು. ಅದಕ್ಕೆ ಶಹರದ ಬಸುರಿಯರ ರಕ್ತ ಬೇಕು, ಕಮಲಾಪುರದ ಕಡೆಯವರದೂ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದದ್ದು.

ಕಮಲಾಪುರ ನನಗೆ ಬಂತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಶಾಹೀನ್ ಬಂದಿದ್ದಳು.

ಕೋಟೆಯ ಹತ್ತಿರದ ಓಣಿಯ ಹುಡುಗಿ, ಬಿಎಸ್ಸಿ ಮುಗಿಸಿದವಳು. ನನ್ನ ವಯಸ್ಸಿನ ಅರ್ಧವೂ ಇಲ್ಲ. ಬಂದ ವಾರದಲ್ಲೇ ಎಲ್ಲ ವಾರ್ಡಿನ ಆಯಾಗಳ ಮಕ್ಕಳ ಹೆಸರು ಆಕೆಗೆ ಗೊತ್ತಿತ್ತು. ನಾನು ಅಲ್ಲಿ ಅಷ್ಟು ವರ್ಷ ಇದ್ದೆ, ನನಗೆ ಗೊತ್ತಿರಲಿಲ್ಲ. ಹಾರ್ಮೋನು ಅಳೆಯುವ ತೊಂಬತ್ತಾರು ಗುಳಿಗಳ ಪ್ಲೇಟನ್ನು ಮೇಡಂ ಆಕೆಯ ಕೈಗೆ ಕೊಟ್ಟರು. ಒಂದೊಂದು ಗುಳಿಯಲ್ಲೂ ಒಬ್ಬೊಬ್ಬ ಬಸುರಿಯ ತಿಳಿ ಹಾಕಿ, ಔಷಧಿ ಹಾಕಿ ಕಾಯುತ್ತಾಳೆ. ಗುಳಿಗಳು ಒಂದೊಂದಾಗಿ ನೀಲಿಯಾಗುತ್ತವೆ, ಕೊನೆಯ ಹನಿ ಹಾಕಿದ ಕೂಡಲೇ ಎಲ್ಲ ಹಳದಿ. ನಾನು ಕಸಬರಿಗೆ ಹಿಡಿದ ನೆಪದಲ್ಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾನು ತಂದ ರಕ್ತ, ಹಳದಿಯಾಗುವುದು ಆಕೆಯ ಕೈಯಲ್ಲಿ.

ಹನಿ ಅಳೆದು ಎಳೆಯುವ ಆಕೆಯ ಪಿಪೆಟ್ಟಿನ ಮೇಲೆ ಆಕೆಯ ಹೆಸರಿನ ಚೀಟಿ ಇತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನು ಎತ್ತಿಕೊಂಡು ನೀರು ಎಳೆದು ಬಿಡುತ್ತಿದ್ದೆ. ಹಿಂದೆ ಬಂದು ನಿಂತಿದ್ದಾಳೆ.

"ನಾಗಮ್ಮಕ್ಕ, ಕಲಸ್ಲೇನ್ರಿ? ಸಸಾರ ಅದ, ಹೆಬ್ಬಟ್ಟು ಹಗುರ ಇಟ್ರ ಸಾಕು."

"ಏ, ಧೂಳ ಒರಸ್ಲಾಕತ್ತಿದ್ದೆ," ಎಂದೆ.

ಆವತ್ತು ಹೂಂ ಎಂದಿದ್ದರೆ ಅದು ನನಗೂ ಬರುತ್ತಿತ್ತು. ಆಕೆಯಿಂದ ಕಲಿಯುವುದು ಬೇಡವಾಗಿತ್ತು. ಮೇಡಂ ಆಕೆಯನ್ನು ಮಗಳನ್ನು ಕರೆದಂತೆ "ಬೇಟಾ" ಎನ್ನುತ್ತಿದ್ದರು, ನನ್ನನ್ನು ನಾಗಮ್ಮ ಎನ್ನುತ್ತಿದ್ದರು. ತಪ್ಪೇನಿಲ್ಲ, ನನ್ನ ಹೆಸರು ನಾಗಮ್ಮನೇ. ಒಮ್ಮೆ ಔಷಧಿ ಕೆಟ್ಟು ಆಕೆಯ ಒಂದು ಪ್ಲೇಟು ಪೂರ್ತಿ ಹಾಳಾಯಿತು, ಆಕೆ ಮುಖ ಸಣ್ಣ ಮಾಡಿಕೊಂಡು ಕೂತಳು. ಆ ಸಂಜೆ ಬ್ರಹ್ಮಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ. ಇಂಥದನ್ನು ಮೊಮ್ಮಕ್ಕಳಿಗೆ ಬರೆಯಬಾರದೇನೋ. ಬರೆದಿದ್ದೇನೆ, ಇರಲಿ.

ಕಮಲಾಪುರ ಮಾತ್ರ ನನ್ನದಾಗಿತ್ತು. ಪ್ರತಿ ಗುರುವಾರ ಮೊದಲ ಬಸ್ಸಿಗೆ ಮಂಜಿನ ಡಬ್ಬಿ ಹಿಡಿದು ಹೋಗಿ, ಅಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಬಸುರಿಯರ ರಕ್ತ ತೆಗೆಯುತ್ತಿದ್ದೆ. ಎಂಟು ತಾಸು ಏನೂ ತಿನ್ನದೆ ಬರಬೇಕು ಎಂದು ಛಾಪಿಸಿದ ಹಾಳೆಯನ್ನು ಮೊದಲೇ ಮನೆಮನೆಗೆ ಹಂಚಲಾಗಿತ್ತು. ನಾನು ತಲೆ ಎತ್ತದೆ ಒಂದೇ ಮಾತು ಕೇಳುತ್ತಿದ್ದೆ: "ಏನೂ ತಿಂದಿಲ್ಲಲ್ಲ?" ಅವರು "ಇಲ್ರಿ" ಎನ್ನುತ್ತಿದ್ದರು. ಫಾರಮಿನಲ್ಲಿ ಖಾಲಿ ಹೊಟ್ಟೆ ಎಂಬುದರ ಮುಂದೆ ಗುರುತು ಹಾಕುತ್ತಿದ್ದೆ. ಸೂಜಿ ನೋಯುತ್ತಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಅಷ್ಟರಿಂದಲೇ ನನಗೆ ಸಾಕಷ್ಟು ಸಂತೋಷವಾಗುತ್ತಿತ್ತು.

ಮೂರು ತಿಂಗಳಾದ ಮೇಲೆ ಮೇಡಂ ನನ್ನನ್ನು ಒಳಗೆ ಕರೆದರು. ಕುರ್ಚಿ ತೋರಿಸಿದರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು.

"ನೀ ತಂದ ರಕ್ತದಾಗ ಏನೋ ಹೊಸದು ಅದ ನಾಗಮ್ಮ. ಹೆಂಗಸರು ಸಣ್ಣ ಇದ್ದಾರ, ಅಡಿಪೊನೆಕ್ಟಿನ್ ಕೆಲವರದು ಬಾಳ ಚೊಲೊ ಅದ, ಆದ್ರ ಖಾಲಿ ಹೊಟ್ಟೀ ಸಕ್ಕರಿ ಹೆಚ್ಚದ. ಇದು ಎಲ್ಲೂ ಓದಿಲ್ಲ ನಾನು. ಹೈದರಾಬಾದಿನ ಡಾಕ್ಟರ ಸಭಾದಾಗ ಹೇಳಮು. ನಿನ್ನ ಹೆಸರೂ ಹಾಕ್ತೀನಿ."

ಬಾಗಿಲಲ್ಲಿ ಶಾಹೀನ್ ನಿಂತಿದ್ದಳು. ನಾನು ಆಕೆಯನ್ನೇ ನೋಡಿದೆ. ಆಕೆ ನಕ್ಕು, "ಅಕ್ಕಾ, ಸಿಹಿ ಎಲ್ಲಿ?" ಎಂದಳು. ಆ ನಗುವಿನಲ್ಲಿ ಹೊಟ್ಟೆಕಿಚ್ಚು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದೂ ನನಗೆ ಸೇರಲಿಲ್ಲ.

ಆ ಸಣಕಲು ಹೆಂಗಸರಲ್ಲಿ ಒಬ್ಬಳು ಶಿವಲೀಲಾ. ಮೊದಲ ಕೂಸು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಈಗ ಎರಡನೆಯದು, ಆರು ತಿಂಗಳು. ಅತ್ತೆ ಕಾಶಮ್ಮ ಆಕೆಯನ್ನು ಒಂದು ಹೆಜ್ಜೆಯೂ ಒಂಟಿಯಾಗಿ ಬಿಡುತ್ತಿರಲಿಲ್ಲ. ನನ್ನ ಗುರುವಾರದ ಚೀಟಿಯಲ್ಲಿ ಶಿವಲೀಲಾಳ ಖಾಲಿ ಹೊಟ್ಟೆಯ ಸಕ್ಕರೆ ಹೆಚ್ಚಿತ್ತು. ಪಥ್ಯ ಹೇಳಿದರು, ಇಳಿಯಲಿಲ್ಲ. ಮೇಡಂ ಮಲಗುವ ಮುಂಚೆ ಸ್ವಲ್ಪ ಇನ್ಸುಲಿನ್ ಕೊಡಿಸಲು ನಿರ್ಧರಿಸಿದರು. ಆಗ ಶಾಹೀನ್ ಅಂದಳು:

"ಮೇಡಂ, ಈಕಿ ಊಟ ಆದಮ್ಯಾಲಿನ ಸಕ್ಕರಿ ಬರೋಬರಿ ಅದ. ಅಡಿಪೊನೆಕ್ಟಿನೂ ಚೊಲೊ ಅದ. ಮುಂಜಾನಿದೊಂದೇ ಹೆಚ್ಚು ಯಾಕ್ರಿ? ನನಗ್ಯಾಕೋ ಶಕ್ ಬರ್ಲಾಕತ್ತದ."

"ಅದೇ ಹೊಸದು, ಬೇಟಾ. ಮತ್ತ ಒಂದು ಕೂಸು ಕಳಕೊಂಡಾಕಿ ಆಕಿ, ಕಾಯ್ಕೋತ ಕೂಡಲಾಕ ಬರೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ನನ್ನ ಕೈ ಮೇಲೆ ಸಂಶಯ ಪಡುತ್ತಿದ್ದಾಳೆ ಎಂದುಕೊಂಡೆ. ನನ್ನ ಹೆಸರು ಬರುವುದನ್ನು ತಪ್ಪಿಸಲು ನೋಡುತ್ತಿದ್ದಾಳೆ ಎಂದೂ ಅಂದುಕೊಂಡೆ.

ಇನ್ಸುಲಿನ್ ಶುರುವಾಯಿತು. ಅವರ ಮನೆಯಲ್ಲಿ ಸಕ್ಕರೆ ನೋಡುವ ಯಂತ್ರ ಇರಲಿಲ್ಲ. ಗುರುವಾರ ನಾನು ಬರೆದುಕೊಟ್ಟದ್ದನ್ನು ನೋಡಿ ಮೇಡಂ ಔಷಧಿಯ ಅಳತೆ ಹೇಳುತ್ತಿದ್ದರು. ಸಕ್ಕರೆ ಇಳಿಯದಿದ್ದರೆ ಅಳತೆ ಸ್ವಲ್ಪ ಏರಿಸುತ್ತಿದ್ದರು.

ಒಂದು ಗುರುವಾರ ಬಸ್ಸು ಬೇಗ ಮುಟ್ಟಿತು. ಆಸ್ಪತ್ರೆಯ ಬೀಗ ಇನ್ನೂ ತೆಗೆದಿರಲಿಲ್ಲ. ಡಬ್ಬಿ ಹಿಡಿದು ಓಣಿಯಲ್ಲಿ ಅಡ್ಡಾಡುತ್ತ ಕಾಶಮ್ಮನ ಮನೆಯ ಮುಂದೆ ಬಂದೆ. ಶಿವಲೀಲಾ ಸೆರಗು ಸರಿಮಾಡಿಕೊಂಡು ಹೊರಡಲು ನಿಂತಿದ್ದಳು. ಕಾಶಮ್ಮ ಹೊಸ್ತಿಲಲ್ಲಿ ಆಕೆಯನ್ನು ತಡೆದು ಬಾಯಿಗೆ ಲಿಂಬೆಹಣ್ಣಿನಷ್ಟು ಬೆಲ್ಲ ಹಾಕಿದಳು. ಆಮೇಲೆ ಒಂದು ಲೋಟ ಹಾಲು, ಅದಕ್ಕೂ ಬೆಲ್ಲ ಕಲಸಿದ್ದು.

"ಬರೀ ಬಾಯಿಲೆ ದಾಟಬ್ಯಾಡವ್ವ. ಎರಡು ಜೀವದಾಕಿ."

ನಾನು ಗೋಡೆಗೆ ಒರಗಿ ನಿಂತೆ. ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗ ನನ್ನ ಅತ್ತೆಯೂ ಹೀಗೇ ಹೊಸ್ತಿಲಲ್ಲಿ ನಿಲ್ಲಿಸಿ ಬೆಲ್ಲ ಹಾಕುತ್ತಿದ್ದರು. ಬಸುರಿ ಬರಿಬಾಯಲ್ಲಿ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಕಡೆಯ ಶಾಸ್ತ್ರ. ಅದನ್ನು ತಿನ್ನುವುದು ಎಂದು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನೂ ಹಿಡಿದಿರಲಿಲ್ಲ. ಅದೇ ಊರಿನಲ್ಲಿ ಹುಟ್ಟಿ, ಅದೇ ಊರಿನ ಸೊಸೆಯಾಗಿ, ಅದೇ ಬೆಲ್ಲ ತಿಂದು, ವಾರವಾರ ಖಾಲಿ ಹೊಟ್ಟೆ ಎಂದು ಗುರುತು ಹಾಕಿದ್ದೆ.

ಬೆಂಚಿನ ಮೇಲೆ ಕೂತ ಮೊದಲನೆಯವಳನ್ನು ಮೆಲ್ಲಗೆ ಕೇಳಿದೆ. "ಬೆಲ್ಲ ಹಾಕ್ಯಾರ್ರಿ. ಅದೇನ್ ತಿಂದಂಗಲ್ಲ ಬಿಡ್ರಿ," ಎಂದಳು. ಎರಡನೆಯವಳು ಅರ್ಧ ಕೆಂಪು ಬಾಳೆಹಣ್ಣು ತಿಂದಿದ್ದಳು. ಮೂರನೆಯವಳನ್ನು ಕೇಳಲಿಲ್ಲ.

ಆವತ್ತೇ ಹೇಳಬೇಕಿತ್ತು. ಮೇಡಂ ಅವರಿಗೆ ಕಾಣಿಸಿದ ಹೊಸದೆಲ್ಲ ಬೆಲ್ಲದಿಂದ ಬಂದದ್ದು ಎಂದು ನನಗೆ ಗೊತ್ತಾಗಿತ್ತು. ಆದರೆ ಹೇಳಿದರೆ ಶಾಹೀನ್ ಅಂದದ್ದೇ ಖರೆ ಆಗುತ್ತಿತ್ತು. ಆಕೆ ಕಮಲಾಪುರಕ್ಕೆ ಕಾಲಿಡದೆಯೇ ಸಂಶಯಪಟ್ಟದ್ದು ಅಲ್ಲೇ ಹುಟ್ಟಿದ ನನಗೆ ಕಾಣಲಿಲ್ಲ ಎಂದಾಗುತ್ತಿತ್ತು. ಕುರ್ಚಿ ಹೋಗುತ್ತಿತ್ತು, ಹೆಸರು ಹೋಗುತ್ತಿತ್ತು. ಆ ಗುರುವಾರವೂ ಶಿವಲೀಲಾಳ ಫಾರಮಿನಲ್ಲಿ ಖಾಲಿ ಹೊಟ್ಟೆ ಎಂದೇ ಗುರುತು ಹಾಕಿದೆ.

ಮನಸ್ಸಿಗೆ ಒಂದು ಉಪಾಯ ಹೇಳಿಕೊಂಡೆ. ಮುಂದಿನ ವಾರದಿಂದ ನಾನೇ ಗುಟ್ಟಾಗಿ ಸರಿಮಾಡಿಸಿದರೆ ಸಾಕು, ಹಿಂದಿನದನ್ನು ಯಾರು ಕೇಳುತ್ತಾರೆ. ಹೊರಡುವ ಮೊದಲು ಕಾಶಮ್ಮನನ್ನು ಪಕ್ಕಕ್ಕೆ ಕರೆದೆ.

"ಬರೋ ವಾರ ಏನೂ ಕೊಡಬ್ಯಾಡ್ರಿ. ಬೆಲ್ಲನೂ ಬ್ಯಾಡ, ಹಾಲೂ ಬ್ಯಾಡ. ಬರೇ ನೀರು."

"ಒಂದು ಹೋಗ್ಯಾದ ನಾಗಮ್ಮ. ಶಾಸ್ತ್ರ ಬಿಟ್ಟು ಇನ್ನೊಂದೂ ಕಳಕೊಳ್ಳಲೇನು?"

"ಡಾಕ್ಟರೇ ಹೇಳ್ಯಾರ," ಎಂದೆ.

ಡಾಕ್ಟರು ಹೇಳಿರಲಿಲ್ಲ.

ಮುಂದಿನ ಗುರುವಾರ ಶಿವಲೀಲಾ ನಿಜವಾಗಿ ಖಾಲಿ ಹೊಟ್ಟೆಯಲ್ಲಿ ಬಂದಳು, ಮೊದಲ ಸಲ. ಆಟೋದಿಂದ ಇಳಿಯುವಾಗಲೇ ಆಕೆಯ ಕುಪ್ಪಸ ಬೆವರಿಗೆ ಒದ್ದೆಯಾಗಿತ್ತು. ಬೆಂಚಿನ ಮೇಲೆ ಕೂತವಳು ನನ್ನನ್ನು ನೋಡಿ ಏನೋ ಹೇಳಲು ಹೋದಳು, ಮಾತು ತೊದಲಿತು. ಹಾಗೇ ನನ್ನ ಭುಜದ ಮೇಲೆ ವಾಲಿದಳು. ಬೆರಳು ಚುಚ್ಚಿ ಯಂತ್ರಕ್ಕೆ ಹನಿ ಹಾಕಿದೆ. ಮೂವತ್ತೆಂಟು. ಅಷ್ಟು ಕಡಿಮೆ ಅಂಕಿಯನ್ನು ಅದುವರೆಗೆ ನಾನು ನೋಡಿರಲಿಲ್ಲ.

ಅಲ್ಲಿನ ನರ್ಸು ಓಡಿಬಂದು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟಳು. ಟೇಪು ಹರಿಯುವುದೂ ನನಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಶಿವಲೀಲಾ ಕಣ್ಣು ತೆರೆದಳು. ಕಾಶಮ್ಮ ಆಕೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ಅಲುಗ್ಯಾಡ್ತದೇನು?"

"ಹೂಂ ಅತ್ತಿ. ಒದೀಲಾಕತ್ತದ."

ಆಮೇಲೆ ಕಾಶಮ್ಮ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಆ ಸೂಜಿ ಮದ್ದು ಶುರು ಆದಾಗಿಂದ ದಿನಾ ಮುಂಜಾನಿ ಹಿಂಗೇ ಬೆವತು ನಡುಗತಾಳ. ಬೆಲ್ಲದ ಹಾಲು ಕುಡಸಿದ್ರ ಸೀದಾ ಆಗತಿದ್ಳು. ಇವತ್ತ ನಿಮ್ಮ ಮಾತು ಕೇಳಿ ಕೊಡಲಿಲ್ಲ."

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅಕ್ಷತಾ, ಆ ದಾರಿಯಲ್ಲಿ ನಾನು ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಶಿವಲೀಲಾ ಇವತ್ತು ಬರಲಿಲ್ಲ ಎಂದು ಬರೆಯಬಹುದು ಎಂದುಕೊಂಡೆ. ಮೂವತ್ತೆಂಟನ್ನು ಕಮಲಾಪುರದ ನರ್ಸು ಬಿಟ್ಟರೆ ಯಾರೂ ನೋಡಿಲ್ಲ. ಆದರೆ ಮಲಗುವ ಹೊತ್ತಿಗೆ ಆ ಮನೆಯಲ್ಲಿ ಮತ್ತೆ ಸೂಜಿ ಚುಚ್ಚುತ್ತಾರೆ. ಬೆಳಗಿನ ಬೆಲ್ಲ ಬಾಯಿಗೆ ಬೀಳುವ ಮೊದಲೇ, ನಿದ್ದೆಯಲ್ಲೇ ಸಕ್ಕರೆ ಇಳಿದರೆ ಯಾರಿಗೂ ತಿಳಿಯುವುದಿಲ್ಲ. ಇಬ್ಬರೂ ಹೋಗುತ್ತಾರೆ, ತಾಯಿಯೂ ಕೂಸೂ. ಇಷ್ಟು ತಿಳಿದ ಮೇಲೂ ನನ್ನ ಮನಸ್ಸು ಬೇಡಿಕೊಂಡದ್ದು ಒಂದೇ. ಮೇಡಂ ಒಬ್ಬರೇ ಇರಲಿ, ಶಾಹೀನ್ ಅಲ್ಲಿ ಇರದಿರಲಿ.

ಇದ್ದಳು. ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು, "ಅಕ್ಕಾ, ಮಾರಿ ಯಾಕ ಹಿಂಗಾಗ್ಯಾದ? ಮೊದಲ ನೀರು ಕುಡೀರಿ," ಎಂದಳು. ಮೇಡಂ ಆಪರೇಷನ್ನಿಗೆ ಹೊರಡಲು ಎದ್ದಿದ್ದರು. ಕಾಯಲು ಸಮಯವಿರಲಿಲ್ಲ. ಆಕೆಯ ಎದುರೇ ಹೇಳಿದೆ. ಬೆಲ್ಲ, ಹಾಲು, ಬಾಳೆಹಣ್ಣು, ಮೂವತ್ತೆಂಟು, ನಾನು ಹೇಳಿದ ಸುಳ್ಳು. ಜೀವನದಲ್ಲಿ ಒಂದೇ ಸಲಕ್ಕೆ ಅಷ್ಟು ಮಾತು ಆಡಿದ್ದು ಅದೊಂದೇ ಸಲ.

ಮೇಡಂ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಯಾವಾಗ ಗೊತ್ತಾಯ್ತು ನಿನಗ?"

"ಹೋದ ಗುರುವಾರರಿ."

"ಹೋದ ಗುರುವಾರ ನಿನ್ನ ಚೀಟಿ ನೋಡೇ ಔಷಧ ಏರಿಸೀನಿ ನಾನು."

ಆ ವಾರವೂ ಏರಿಸಿದ್ದು ನನಗೆ ಗೊತ್ತಿರಲಿಲ್ಲ. ಬೆಲ್ಲ ಕಂಡ ಮೇಲೆ ನಾನು ಹಾಕಿದ ಆ ಒಂದು ಗುರುತು. ಉಳಿದದ್ದೆಲ್ಲ ತಿಳಿಯದೆ ಮಾಡಿದ್ದು ಎನ್ನಬಹುದು, ಅದೊಂದನ್ನು ಹಾಗೆನ್ನಲು ಬರುವುದಿಲ್ಲ.

"ಶಾಹೀನ್, ಅವರ ಮನಿಗಿ ಫೋನ್ ಹಚ್ಚು."

ಶಾಹೀನ್ ಫೋನಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಕಾಶಮ್ಮ, ನಾ ದವಾಖಾನಿಂದ ಮಾತಾಡ್ಲಾಕತ್ತೀನಿ. ಇವತ್ತ ಸೂಜಿ ಮದ್ದು ಬಿಲ್ಕುಲ್ ಬ್ಯಾಡ. ತಿಳೀತೇನ್ರಿ? ಹೊಟ್ಟಿ ತುಂಬ ಉಣಸ್ರಿ. ಈಗೇ ಗಾಡಿ ಮಾಡ್ಕೊಂಡು ಇಲ್ಲಿಗಿ ಕರ್ಕೊಂಡು ಬರ್ರಿ. ಈಗ ನೀವು ಏನ್ ತಿಳೀತಂತ ಹೇಳ್ರಿ ನೋಡಮು." ಅತ್ತ ಕಾಶಮ್ಮ ಹೇಳಿದಳು, ಈಕೆ ಕೇಳಿಸಿಕೊಂಡಳು. ಗುರುಪಾದಪ್ಪನವರನ್ನು ಈಕೆ ನೋಡಿಯೂ ಇರಲಿಲ್ಲ.

ಫೋನಿಟ್ಟ ಮೇಲೆ ಮೇಡಂ ನನಗೆ ಹೇಳಿದರು: "ಕಮಲಾಪುರದ್ದೆಲ್ಲಾ ಫ್ರೀಜರಿಂದ ತಗದು ಒಗಿ." ಅಷ್ಟು ತಿಂಗಳ ಗುರುವಾರಗಳು ಅಲ್ಲಿದ್ದವು. ನಾನು ಹೊರಡಲು ತಿರುಗಿದೆ.

"ಮೇಡಂ, ಒಂದು ಮಾತ್ರಿ," ಎಂದಳು ಶಾಹೀನ್. "ಸಕ್ಕರಿ ಲೆಕ್ಕ ಕೆಟ್ಟದ, ಖರೆ. ಆದ್ರ ಲೆಪ್ಟಿನ್, ಅಡಿಪೊನೆಕ್ಟಿನ್ ಒಂದು ತುಂಡು ಬೆಲ್ಲಕ್ಕ ಅಷ್ಟು ಜಲ್ದಿ ಏರಿಳಿಯೂದಿಲ್ಲಲ್ರಿ. ಶಿವಲೀಲಾಂದು ಚೊಲೊ ಅದ ಅಂತ ಅದು ಮೊದಲೇ ಹೇಳ್ತಿತ್ತು. ನಾವೇ ಸಕ್ಕರಿ ಮ್ಯಾಲ ಭರೋಸ ಇಟ್ಟೆವು. ಸಕ್ಕರಿ ಅಷ್ಟೇ ಹೊಡೆದುಹಾಕಮು. ಅಕ್ಕನ ಶೀಶಿ ಇರಲಿ."

ಮೇಡಂ "ಇರಲಿ" ಎಂದು ಆಪರೇಷನ್ನಿಗೆ ಹೋದರು.

ನನ್ನ ದುಡಿಮೆಯನ್ನು ಉಳಿಸಿದವಳು ಆಕೆ. ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ನನಗೆ ಹುಟ್ಟಿದ್ದು ಬೇರೆಯೇ. ಆಕೆ ಬೈದಿದ್ದರೆ, ನಾ ಮೊದಲೇ ಹೇಳಿರಲಿಲ್ಲವೇ ಎಂದು ಒಮ್ಮೆ ಅಂದಿದ್ದರೆ, ಬದುಕಿಕೊಳ್ಳುತ್ತಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ದಾಟಿಹೋಗಿದ್ದಾಳೆ ಎಂದು ಆವತ್ತು ಫ್ರೀಜರಿನ ಮುಂದೆ ನಿಂತು ಅತ್ತೆ.

ಶಿವಲೀಲಾಳನ್ನು ನಾಲ್ಕು ದಿನ ವಾರ್ಡಿನಲ್ಲಿ ಇಟ್ಟುಕೊಂಡು, ನೋಡನೋಡುತ್ತ ನಿಜವಾದ ಖಾಲಿ ಹೊಟ್ಟೆಯ ರಕ್ತ ತೆಗೆದರು. ಸಕ್ಕರೆ ಕಾಯಿಲೆ ಇರಲೇ ಇಲ್ಲ. ಇನ್ಸುಲಿನ್ ನಿಂತಿತು. ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಕರೆಸಿ ಮತ್ತೆ ನೋಡಿದರು. ಇಬ್ಬರಿಗೆ ನಿಜವಾಗಿಯೂ ಸಕ್ಕರೆ ಇತ್ತು, ಆ ಇಬ್ಬರಲ್ಲೂ ಅಡಿಪೊನೆಕ್ಟಿನ್ ಕಡಿಮೆ. ಆ ಹೊಸದು ಎಂಬುದು ಉಳಿಯಲಿಲ್ಲ. ಹೈದರಾಬಾದಿಗೆ ಯಾರೂ ಹೋಗಲಿಲ್ಲ. ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕೆಲಸದ ಮಾತು ಬಿಟ್ಟು ಬೇರೆ ಮಾತನ್ನೂ ಆಡಲಿಲ್ಲ, ಬಹಳ ದಿನ.

ಮುಂದೆ ಹೇಗೆ ಎಂಬ ಮಾತು ಬಂದಾಗ ಛಾಪಿಸಿದ ಹಾಳೆಯಲ್ಲಿ ಬೆಲ್ಲ ತಿನ್ನಬಾರದು ಎಂದು ಸೇರಿಸೋಣ ಎಂದರು ಮೇಡಂ. ಶಾಹೀನ್ ಒಪ್ಪಲಿಲ್ಲ. "ಶಾಸ್ತ್ರ ಬಿಡ್ರಿ ಅಂದ್ರ ಯಾರೂ ಬಿಡೂದಿಲ್ರಿ. ಅವರು ಹೊಸ್ತಿಲ ದಾಟಿ ಬರೂದು ಬ್ಯಾಡ. ನಾವೇ ಹೊಸ್ತಿಲ ಒಳಗ ಹೋಗಮು." ಇಷ್ಟು ಸರಳ. ನಾನು ಆ ಹೊಸ್ತಿಲುಗಳ ಮೇಲೆಯೇ ಬೆಳೆದವಳು, ನನಗೆ ಹೊಳೆಯಬೇಕಿತ್ತು.

ಅಂದಿನಿಂದ ಬುಧವಾರ ಸಂಜೆಯೇ ಕಮಲಾಪುರದ ನನ್ನ ಅಣ್ಣನ ಮನೆಗೆ ಹೋಗುತ್ತಿದ್ದೆವು, ನಾನೂ ಶಾಹೀನಳೂ. ಬೆಳಕು ಹರಿಯುವ ಹೊತ್ತಿಗೆ ಮನೆಮನೆಯ ಕದ ತಟ್ಟುತ್ತಿದ್ದೆವು. ಹಾಸಿಗೆಯ ಮೇಲೆ ಕೂತವರ ರಕ್ತ ತೆಗೆಯುತ್ತಿದ್ದೆವು, ಸೂಜಿ ಹೊರಬಂದ ಕೂಡಲೇ ಅತ್ತೆಯರು ಬಾಯಿಗೆ ಬೆಲ್ಲ ಹಾಕುತ್ತಿದ್ದರು. ಒಬ್ಬ ಮುದುಕಿ ನನಗೆ ಅಂದಳು, "ನೀ ಕೇಳಲಿಲ್ಲಲ್ಲ ನಾಗಮ್ಮ, ನಾವು ಹೇಳಲಿಲ್ಲ. ಈ ಹುಡುಗಿಗಿ ಬಾಯದ ನೋಡು."

ಆ ಬಾಯಿ ಕೇಳುತ್ತಿದ್ದ ರೀತಿಯನ್ನು ನಿನಗೆ ಬರೆದಿಡುತ್ತೇನೆ, ಅಕ್ಷತಾ. ಇದನ್ನು ಆಕೆ ನಿಮಗೆ ತರಗತಿಯಲ್ಲಿ ಹೇಳಿಯೇ ಇರುತ್ತಾಳೆ. ತಿಂದಿಲ್ಲಲ್ಲ ಎಂದು ಆಕೆ ಎಂದೂ ಕೇಳುತ್ತಿರಲಿಲ್ಲ. "ಎದ್ದಾಗಿಂದ ಬಾಯಾಗ ಏನೇನ್ ಹೋಗ್ಯಾದ? ನೀರು, ಚಹಾ, ಪ್ರಸಾದ, ತಂಬಾಕ, ಎಲ್ಲಾ ಹೇಳ್ರಿ. ನಾ ಬೈಯೂದಿಲ್ಲ" ಎನ್ನುತ್ತಿದ್ದಳು. ಆ ಕೊನೆಯ ಮಾತು ಕೇಳಿದ ಮೇಲೆ ಹೆಂಗಸರು ಎಲ್ಲವನ್ನೂ ಹೇಳಿಬಿಡುತ್ತಿದ್ದರು. ನಾನೂ ಹಾಗೆ ಕೇಳುವುದನ್ನು ಕಲಿತೆ. ಮೊದಮೊದಲು ಗೋಡೆ ನೋಡಿಕೊಂಡು ಕೇಳುತ್ತಿದ್ದೆ.

ಶಿವಲೀಲಾಗೆ ತುಂಬಿದ ತಿಂಗಳಲ್ಲಿ ಹೆಣ್ಣು ಕೂಸು ಹುಟ್ಟಿತು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಕಾಶಮ್ಮ ಲ್ಯಾಬಿನವರೆಗೆ ಬಂದಳು. ನಾನು ನಳಿಕೆ ಜೋಡಿಸುತ್ತಿದ್ದೆ. ಆಕೆ ನೇರ ಶಾಹೀನಳ ಬಳಿ ಹೋಗಿ ಕೂಸನ್ನು ಮಡಿಲಿಗೆ ಹಾಕಿದಳು.

"ಆವತ್ತ ನೀ ಫೋನ್ ಮಾಡಿದ್ದಕ್ಕ ಉಳೀತವ್ವ ಇದು. ನಿನ್ನ ದನಿ ಮರತಿಲ್ಲ ನಾ."

ಕೂಸು ಶಾಹೀನಳ ಬೆರಳು ಹಿಡಿದುಕೊಂಡಿತು. ಕಾಶಮ್ಮ ನನ್ನ ಕೈಗೂ ಒಂದು ಪೇಢೆ ಇಟ್ಟಳು, ಎಲ್ಲರಿಗೂ ಇಟ್ಟಂತೆ. ಶಾಹೀನ್ ಕೂಸಿನ ತಲೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಫೋನು ಮಾಡಲು ಕಾರಣವಾದ ಮಾತು ನನ್ನ ಬಾಯಿಂದ ಬಂದದ್ದು ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಆ ಮಾತು ಒಂದು ವಾರ ತಡವಾಗಿ ಬಂತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಪೇಢೆಯನ್ನು ಕೈಯಲ್ಲಿ ಹಿಡಿದು ನಿಂತೆ.

ಅವರು ಹೋದ ಮೇಲೆ ಆಕೆ ಮೆಲ್ಲಗೆ ಕೇಳಿದಳು. "ಹೇಳಬೇಕಿತ್ತೇನ್ರಿ ಅಕ್ಕಾ?"

"ಬ್ಯಾಡ," ಎಂದೆ.

"ಆಯ್ತು ಬಿಡ್ರಿ."

ಅಷ್ಟೇ. ಅದಾದ ಮೇಲೆ ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು, ಆಕೆ ಆ ಮಾತು ಎತ್ತಲಿಲ್ಲ. ಈಗ ನೀನು ಆಕೆಯ ವಿದ್ಯಾರ್ಥಿನಿ. ನಿಮ್ಮ ಆಯಿಯ ಕೈ ಬಹಳ ಹಗುರವಿತ್ತು ಎಂದಷ್ಟೇ ಆಕೆ ನಿನಗೆ ಹೇಳಿದ್ದಾಳಂತೆ. ಆಕೆ ನನ್ನ ಗುಟ್ಟನ್ನು ಅಷ್ಟು ಸಲೀಸಾಗಿ ಹೊತ್ತುಕೊಂಡು ನಡೆಯುತ್ತಾಳೆ ಎಂಬುದಕ್ಕೂ ನನಗೆ ಹೊಟ್ಟೆಕಿಚ್ಚೇ.

ಆ ಕಾಲದ ರಿಜಿಸ್ಟರು ಆಸ್ಪತ್ರೆಯ ಕಪಾಟಿನಲ್ಲಿ ಈಗಲೂ ಇರಬಹುದು. ಕಮಲಾಪುರದ ಹೆಸರುಗಳ ಮುಂದೆ ಸಕ್ಕರೆಯ ಮನೆಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಅಮಾನ್ಯ’ ಎಂದು ಬರೆದಿದೆ, ಕೆಳಗೆ ಶಾಹೀನಳ ಸಹಿ. ಯಾಕೆ ಅಮಾನ್ಯ ಎಂದು ಅಲ್ಲಿ ಬರೆದಿಲ್ಲ. ಬರೆಯಬೇಕಾದ ಜಾಗವನ್ನು ಆಕೆ ನನಗಾಗಿ ಖಾಲಿ ಬಿಟ್ಟಳು. ಅದನ್ನು ನಾನು ಇಲ್ಲಿ ತುಂಬಿದ್ದೇನೆ.

ಶಿವಲೀಲಾಳ ಮಗಳು ಈಗ ಶಾಲೆಗೆ ಹೋಗುತ್ತಾಳಂತೆ. ಒಂದು ದಿನ ಆ ಮನೆಯವರು ಯಾರಾದರೂ ಕೇಳಿಕೊಂಡು ಬಂದರೆ ಈ ಹಾಳೆಗಳನ್ನು ತೋರಿಸಿ, ನಾನು ಇರಲಿ ಇಲ್ಲದಿರಲಿ. ಅಲ್ಲಿಯವರೆಗೆ ಇವು ಹರಿಯದಂತೆ, ತೊಯ್ಯದಂತೆ ಇಟ್ಟುಕೊಳ್ಳಿ. ಸಂಗಮೇಶ, ಫೋಟೊ ತೆಗೆದು ಫೋನಿನಲ್ಲಿ ಹಾಕಬೇಡಪ್ಪ. ಅಕ್ಷತಾ, ನಿನ್ನ ಕೆಲಸದ ಪುಸ್ತಕಗಳ ಜೊತೆಗೇ ಇಡು. ನಿನ್ನ ಕೈಯಿಂದಲೂ ಒಂದು ತಪ್ಪು ಆಗುತ್ತದೆ, ಅದನ್ನು ಹೇಳಿದರೆ ಇನ್ನೊಬ್ಬಳು ಗೆಲ್ಲುತ್ತಾಳೆ ಎಂದು ನಿನಗೂ ಅನ್ನಿಸುತ್ತದೆ. ಆ ದಿನ ಸಂಜೆಯೊಳಗೆ ಇವು ಕೈಗೆ ಸಿಗುವಂಥ ಜಾಗದಲ್ಲಿ ಇರಲಿ.